ಕಲ್ಯಾಣದುರ್ಗದಲ್ಲಿ ಸೀರೆ ಮಡಿಸಿದ್ದು ನಾನು

ಹಿಂದೂಪುರದ ಅಂಗಡಿಯೊಂದರ ಮಹಡಿಯಲ್ಲಿ ನಮ್ಮ ಕೆಲಸ. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ನಿಂತರೆ, ಎಲ್ಲೋ ದೂರದ ಊರಿನಲ್ಲಿರುವ ರೋಬೋಟ್ ನಾವು ಆಡಿಸಿದಂತೆ ಕೈ ಆಡಿಸುತ್ತಿತ್ತು. ನನ್ನ ಕೈ ಸರಿದ ಮೇಲೆ ಅದರ ಕೈ ಸರಿಯಲು ಚೂರು ತಡ. ಆ ತಡಕ್ಕೆ ಹೊಂದಿಕೊಂಡು ಬಟ್ಟೆ ಮಡಿಸುವುದನ್ನು ಕಲಿಯುವಷ್ಟರಲ್ಲಿ ನನ್ನ ಭುಜ ಬಿದ್ದುಹೋಗಿತ್ತು. ಸೀರೆ ಮಡಿಸುವುದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಿರಲಿಲ್ಲ; ನಾನು ನೇಕಾರರ ಮನೆಯವಳು.

ಕಲ್ಯಾಣದುರ್ಗದ ಫಂಕ್ಷನ್ ಹಾಲಿನಲ್ಲಿ ಕಂಪನಿ ಪ್ರದರ್ಶನ ಇಟ್ಟಿತು. ರೋಬೋಟ್ ಅಲ್ಲಿ ವೇದಿಕೆಯ ಮೇಲೆ, ನಾನು ಇಲ್ಲಿ. ರೋಬೋಟಿನ ಸ್ಪೀಕರಿನಲ್ಲಿ ಯಾರ ದನಿಯೂ ಕೇಳಬಾರದೆಂದು ಮ್ಯಾನೇಜರ್ ಹಿಂದಿನ ದಿನವೇ ನಮ್ಮ ಐದು ಜನ ಹೆಂಗಸರಿಗೂ ಹೇಳಿದ್ದರು. ಅದು ತಾನಾಗಿಯೇ ಕೆಲಸ ಮಾಡುತ್ತದೆ ಎಂದು ಜನ ನಂಬಬೇಕಂತೆ.

ಮುಂದಿನ ಸಾಲಿನ ಮುದುಕಿಯೊಬ್ಬರು ಚೀಲದಿಂದ ರೇಷ್ಮೆ ಸೀರೆ ತೆಗೆದುಕೊಟ್ಟರು. ಅಂಚಿಗೆ ಅಂಚು ಕೂಡಿಸಿ, ಸೆರಗನ್ನು ಒಳಗೆ ಮಾಡಿ ಮಡಿಸಿ, ಮೇಲೊಮ್ಮೆ ಸವರಿದೆ. ಅವರು ವೇದಿಕೆ ಹತ್ತಿ ಬಂದು ರೋಬೋಟಿನ ಕ್ಯಾಮೆರಾದಲ್ಲಿ ಇಣುಕಿದರು.

“ಇದು ಮಗ್ಗದ ಮನೆಯೋರು ಮಡಿಸೋ ಥರ ಕಣಪ್ಪ. ಯಾರು ಮಾಡ್ತಾವ್ರೆ?”

“ಎವರೂ ಲೇರಮ್ಮಾ,” ಎಂದರು ವೇದಿಕೆಯ ಮೇಲಿದ್ದ ಮ್ಯಾನೇಜರ್ ತೆಲುಗಿನಲ್ಲಿ.

ಯಾರೂ ಇಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. ಮೈಕ್ ಆನ್ ಮಾಡಿದೆ.

“ನಾನ್ ಮಾಡ್ತಾ ಇದೀನಿ ಕಣವ್ವ. ಹಿಂದೂಪುರದಾಗೆ ನಿಂತಿದೀನಿ.”

ಮುದುಕಿ ರೋಬೋಟಿನ ರಬ್ಬರ್ ಬೆರಳುಗಳನ್ನು ಹಿಡಿದುಕೊಂಡು, “ಊಟ ಮಾಡ್ದೇನಮ್ಮ?” ಎಂದರು. ನಾನು ಉತ್ತರ ಕೊಡುವ ಮೊದಲೇ ಯಾರೋ ಸಂಪರ್ಕ ಕಿತ್ತರು. ಕಣ್ಣ ಮುಂದೆ ಕಪ್ಪು.

ಸಂಜೆ ಮ್ಯಾನೇಜರ್ ಬಂದು ತಪ್ಪೊಪ್ಪಿಗೆ ಬರೆದುಕೊಡು ಎಂದರು. “ಯಾರೂ ಇಲ್ಲ ಅಂದೋರು ಬರ್ಕೊಡ್ಲಿ ಸಾರ್,” ಎಂದೆ. ನಾಳೆಯಿಂದ ಬರಬೇಡ ಎಂದರು.

ಮಾರನೆಯ ದಿನ ಉಳಿದ ನಾಲ್ವರೂ ಹೆಡ್‌ಸೆಟ್ ಮುಟ್ಟಲಿಲ್ಲ. ಅದರ ಮಾರನೆಯ ದಿನವೂ ಅಷ್ಟೆ. ಮೂರನೆಯ ದಿನ ಕೆಲಸಕ್ಕೆ ಬಾ ಎಂದು ನನಗೆ ಕಂಪನಿಯಿಂದ ಫೋನ್ ಬಂತು. ಏನೂ ಬರೆದುಕೊಡದೆ ಹೋಗಿ ನಿಂತೆ.

ಮುಂದಿನ ಪ್ರದರ್ಶನ ಪರಿಗಿಯಲ್ಲಿ. ಈ ರೋಬೋಟನ್ನು ನಡೆಸುವವರು ಹಿಂದೂಪುರದ ಹೆಂಗಸರು ಎಂದು ಮ್ಯಾನೇಜರ್ ಗಂಟಲಲ್ಲೇ ಗೊಣಗಿದರು. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳುವವರೆಗೆ ನಾನು ಕೈ ಅಲ್ಲಾಡಿಸಲಿಲ್ಲ.