ಕಾಲುವೆಯ ಕೊನೆಯ ಹೊಲ

ಆ ದಿನಗಳ ಬಗ್ಗೆ ನಾನು ಬರೆಯುವುದರಲ್ಲಿ ಎಷ್ಟು ನಿಜವೋ ನನಗೇ ಖಾತ್ರಿಯಿಲ್ಲ. ಮೇಲಿನ ಹೊಲದ ಬಾಬುಕಾಕಾ ಸಲಿಕೆಯಿಂದ ಒಡ್ಡು ಕಡಿದು ನಮ್ಮ ನೀರನ್ನು ತನ್ನ ಕಬ್ಬಿಗೆ ತಿರುಗಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ನಾನದನ್ನು ಕಂಡೆನೋ, ಅವ್ವ ಹೇಳಿ ಹೇಳಿ ಕಂಡಂತಾಯಿತೋ, ಹೇಳಲಾರೆ.

ತೊಂಬತ್ತರ ದಶಕದ ಒಂದು ಬೇಸಿಗೆ. ಯಾದಗಿರಿ ಕಡೆಯಿಂದ ಕೂಲಿಗೆ ಬಂದಿದ್ದ ಅಪ್ಪ ಪುಣೆ ಜಿಲ್ಲೆಯ ಇಂದಾಪುರದ ಹತ್ತಿರ ದೊಡ್ಡ ಕಾಲುವೆಗೆ ಕಾಂಕ್ರೀಟು ಹಾಕುವ ಕೆಲಸ ಮುಗಿಸಿ, ಅಲ್ಲೇ ಒಂದು ಹೊಲವನ್ನು ಪಾಲಿಗೆ ಹಿಡಿದಿದ್ದ. ಅವ್ವ ಉಳ್ಳಾಗಡ್ಡಿ ಹಚ್ಚಿದ್ದಳು. ಬೆಳೆ ಬಂದರೆ ಅಲ್ಲೇ ಉಳಿಯುವುದು. ಹೋದರೆ ಮತ್ತೆ ತಳೇಗಾಂವದ ಕಟ್ಟಡ ಕೆಲಸ, ತಗಡಿನ ಶೆಡ್ಡು. ಇದು ನನಗೂ ತಂಗಿಗೂ ಗೊತ್ತಿತ್ತು. ನಾವು ಒಣಗಿದ ಕಾಲುವೆಯಲ್ಲಿ ಬಸವನಹುಳುವಿನ ಚಿಪ್ಪು ಆರಿಸುತ್ತಿದ್ದೆವು. ಹಸಿವಾದರೆ ಬಾಬುಕಾಕಾನ ಹೆಂಡತಿ ಕೊಟ್ಟ ಮಜ್ಜಿಗೆಗೆ ರೊಟ್ಟಿ ಮುರಿದು ಹಾಕಿ ಉಣ್ಣುತ್ತಿದ್ದೆವು.

ನೀರು ಪಾಳಿಯ ಪ್ರಕಾರ, ಒಂದೊಂದು ಹೊಲಕ್ಕೆ ಇಷ್ಟು ತಾಸು ಎಂದು. ನಮ್ಮ ಪಾಳಿಯ ದಿನ ಬೆಳಿಗ್ಗೆಯಿಂದ ಕಾದೆವು. ಬಿಸಿ ಮಣ್ಣಿನ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಮಧ್ಯಾಹ್ನ ಕಾಲುವೆಯ ಗೇಟು ತೆಗೆದು ಮುಚ್ಚುವ ಸರಕಾರಿ ಆಳು ಸೈಕಲ್ಲಿನಲ್ಲಿ ಬಂದು ಕೈಗಡಿಯಾರ ನೋಡಿದ.

“ಸಂಪ್ಲಿ ತುಮ್ಚಿ ಪಾಳಿ, ಬಾಯಿ.”

“ಮುಗೀತ? ನೀರಿನ ಮಾರೀನ ನೋಡಿಲ್ಲ, ಹೆಂಗ ಮುಗೀತದ್ರಿ?” ಸಿಟ್ಟಿನಲ್ಲಿ ಅವ್ವ ಮರಾಠಿ ಮರೆತಳು.

ಗೇಟು ಬೆಳಿಗ್ಗೆಯೇ ತೆಗೆದಿದ್ದೆ, ಮೇಲಿನ ಹೊಲದವರನ್ನು ಕೇಳಿ ಎಂದು ಮರಾಠಿಯಲ್ಲೇ ಹೇಳಿ ಅವನು ಹೋದ.

“ಎಲ್ಲರೆ ಸೋರಿರಬೇಕು,” ಅಂದಳು ಅವ್ವ.

ಅಪ್ಪನಿಗೆ ಆ ಮಾತು ನಾಟಿತು. “ಕಾಂಕ್ರೀಟ್ ಹಾಕಿದಾಂವ ನಾ. ಒಂದು ಹನಿ ಸೋರಂಗಿಲ್ಲ. ಯಾರೋ ತಿರುವ್ಯಾರ.”

ಮೇಲಿದ್ದವನು ಒಬ್ಬನೇ. ಅವ್ವ ಬಾಬುಕಾಕಾನ ಅಂಗಳಕ್ಕೆ ನಡೆದಳು. “ಮಕ್ಕಳಿಗಿ ಮಜ್ಜಿಗಿ ಕುಡಿಸಿ, ನಮ್ಮ ನೀರ ನೀ ಕುಡದ್ಯಲ್ಲೋ ಭಾವು.”

“ಆಯೀಚಿ ಶಪ್ಪತ್,” ತಾಯಿಯಾಣೆ ಎಂದ ಅವನು, “ಮೀ ಹಾತ್ ನಾಹಿ ಲಾವ್ಲಾ.” ಕೈ ಹಚ್ಚಿಲ್ಲವೆಂದು.

ಅವ್ವ ನಂಬಲಿಲ್ಲ. ಅಂದಿನಿಂದ ಮಜ್ಜಿಗೆ ನಿಂತಿತು. ಉಳ್ಳಾಗಡ್ಡಿ ಗೋಲಿಯಷ್ಟಾಗಿ ಸುಕ್ಕಿತು. ನಾವು ತಳೇಗಾಂವದ ಬಸ್ಸು ಹತ್ತಿದಾಗ ಬಾಬುಕಾಕಾ ರಸ್ತೆಗೂ ಬರಲಿಲ್ಲ.

ಈಗ ನಾನಿರುವುದು ಪುಣೆಯ ಒಂದು ಸೊಸೈಟಿಯಲ್ಲಿ. ಬೆಳಿಗ್ಗೆ ಕಾರುಗಳ ಮೇಲೆ ಪೈಪು ಹಿಡಿಯುತ್ತಾರೆ. ನೀರು ಆ ಕಾಲುವೆಗೆ ಬಿಡುವ ಅಣೆಕಟ್ಟುಗಳದ್ದೇ. ಸಭೆಗಳಲ್ಲಿ ‘ನೀರಿನ ಯೋಜನೆ’ ಎಂದು ಯಾರಾದರೂ ಬಾಯಿ ತೆರೆದರೆ ಮೈ ಉರಿಯುತ್ತದೆ. ನಮ್ಮ ಕಾಲುವೆಯ ಯೋಜನೆ ಮಾಡಿದವನು ಒಂದು ದಿನವಾದರೂ ನೀರಿನ ಜೊತೆ ನಡೆದಿದ್ದನೇ? ಅವ್ವ ಸಾಯುವವರೆಗೂ ಬಾಬುಕಾಕಾನನ್ನು ಕಳ್ಳನೆಂದೇ ಕರೆದಳು. ಕಾಕಾನೂ ಹೋದ. ಯೋಜನೆ ಬರೆದು ನೆರೆಹೊರೆಯ ಎರಡು ಮನೆ ಮುರಿದವನ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ನೀರಾವರಿ ಎಂಜಿನಿಯರಿಂಗ್ ಓದಿದ ಮೇಲೆ ಒಂದು ಬೇಸಿಗೆ ನಾನೇ ಅಲ್ಲಿಗೆ ಹೋದೆ. ಪಾಳಿಯ ನಿಯಮ ಬದಲಾಗಿರಲಿಲ್ಲ. ಗೇಟಿನಿಂದ ನಮ್ಮ ಹೊಲದವರೆಗಿನದು ಬರೀ ಮಣ್ಣಿನ ಕಿರುಗಾಲುವೆ. ಅದಕ್ಕೆ ಯಾರೂ ಕಾಂಕ್ರೀಟು ಹಾಕಿರಲಿಲ್ಲ. ಗೇಟು ತೆಗೆದಾಗಿನಿಂದ ನೀರಿನ ಪಕ್ಕದಲ್ಲೇ ನಡೆದೆ. ಬಿರಿದ ನೆಲ ಕುಡಿದು ಕುಡಿದು ಬಿಟ್ಟಷ್ಟೇ ಮುಂದೆ ಬರುತ್ತಿತ್ತು. ದಾರಿಯಲ್ಲಿ ಯಾರೂ ಕೈ ಹಚ್ಚಲಿಲ್ಲ. ಪಾಳಿ ಲೆಕ್ಕವಾಗುವುದು ಗೇಟು ತೆಗೆದ ಗಳಿಗೆಯಿಂದ. ನೀರು ಆ ಹೊಲ ಮುಟ್ಟುವ ಮೊದಲೇ ಪಾಳಿ ಮುಗಿದಿತ್ತು.