ಮೊದ್ಲ ನನ್ನ ಕೊಡ

ಸಿಂಧನೂರಿನ ನಮ್ಮ ಓಣಿಗೆ ನಳದ ನೀರು ಬಂದಾಗಲೆಲ್ಲ ಎದುರುಮನೆಯ ಅಕ್ಕನ ಜಗಳ ಇದ್ದದ್ದೇ. "ಮೊದ್ಲ ನನ್ನ ಕೊಡ ತುಂಬ್ಲಿ, ಆಮ್ಯಾಲ ಊರು" ಎಂದು ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದರು. ಎಂಥ ಸ್ವಾರ್ಥಿ ಎಂದು ನಾವು ಗೊಣಗುತ್ತಿದ್ದೆವು.

ಒಂದು ಬೇಸಿಗೆಯಲ್ಲಿ, ನೀರು ಬಾರದ ದಿನ, ಪಕ್ಕದ ಮನೆಯ ಚಾಚಾ ತೀರಿಕೊಂಡರು. ಮೈ ತೊಳೆಯಲೂ ಆ ಮನೆಯಲ್ಲಿ ನೀರಿರಲಿಲ್ಲ. ಅಕ್ಕ ತಮ್ಮ ಡ್ರಮ್ಮಿನ ನೀರನ್ನೆಲ್ಲ ಕೊಡಗಳಿಗೆ ತುಂಬಿ ಹೊತ್ತು ನಡೆದರು.

"ನಿಮಗ ಬ್ಯಾಡೇನ್ರಿ ಅಕ್ಕಾ?" ಎಂದೆ.

"ಅವ್ರು ಹೆಣ ಇಟ್ಕೊಂಡು ಕುಂತಾರ, ನಂದೇನ ಕೇಳ್ತಿ? ಆ ಕೊಡ ಹಿಡಿ" ಎಂದು ಗದರಿದರು.

ಸಂಜೆ ನಮ್ಮ ಹೊಸ್ತಿಲ ಹೊರಗೇ ನಿಂತು, "ಕುಡಿಯಾಕ ಒಂದ ತಂಬಿಗಿ ನೀರ ಕೊಡ್ತೀಯೇನವಾ?" ಎಂದರು. ಅಕ್ಕ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.