ಹುಲ್ಲಿನ ಮಷಿನ್ನು, ಅಣ್ಣನ ಕಿವಿ

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದೆ ನಮ್ಮ ಅಂಗಡಿಯಿತ್ತು. ಮುಂದೆ ಅಣ್ಣ ಪಂಪ್‌ಸೆಟ್, ಔಷಧಿ ಹೊಡೆಯುವ ಎಂಜಿನ್ನುಗಳನ್ನು ರಿಪೇರಿ ಮಾಡುತ್ತಿದ್ದ; ಒಳಗೆ ನಾನು ಬಟ್ಟೆ ಹೊಲಿಯುತ್ತಿದ್ದೆ. ನನ್ನ ಗಂಡ ತೀರಿಕೊಂಡ ಮೇಲೆ ಅಣ್ಣನೇ ಆ ಜಾಗ ಬಿಟ್ಟುಕೊಟ್ಟಿದ್ದ. ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವುದು ಅವನ ರೂಢಿ.

ತೊಂಬತ್ತರ ದಶಕದ ಕೊನೆಯಲ್ಲಿ, ಮಳೆಗಾಲ ಮುಗಿಯುತ್ತಿದ್ದಾಗ, ಹಡಗಲಿ ಕಡೆಯ ಅತಿಥಿಗೃಹವೊಂದರ ಮಾಲಿ ಹುಲ್ಲು ಕತ್ತರಿಸುವ ಪೆಟ್ರೋಲ್ ಮಷಿನ್ನು ತಂದ.

"ಚಾಲೂ ಏನೋ ಆಕ್ಕೈತ್ರಿ, ಒಂದ ಸಮ ಓಡವಲ್ದು" ಎಂದ.

ಅಣ್ಣ ಅದನ್ನು ಚಾಲೂ ಮಾಡುವ ಹಗ್ಗ ಎಳೆದ. ಎಂಜಿನ್ನು ಒಮ್ಮೆ ಅರಚಿ ಮೇಲೇರುತ್ತಿತ್ತು, ಮರುಕ್ಷಣ ಇನ್ನೇನು ನಿಂತೇಬಿಟ್ಟಿತು ಎನ್ನುವಂತೆ ಕುಗ್ಗುತ್ತಿತ್ತು. ಅಣ್ಣ ಕತ್ತು ವಾಲಿಸಿ ಆಲಿಸಿದ.

"ಸರಿನ ಐತಲ್ಲೋ ಮಾರಾಯ."

ಮಾಲಿ ನನ್ನ ಮುಖ ನೋಡಿದ. ಅಣ್ಣ ತಮಾಷೆ ಮಾಡುತ್ತಿದ್ದಾನೆಂದುಕೊಂಡು ನಾನು ನಗಲು ಹೋದೆ. ಅವನು ನಗಲಿಲ್ಲ. ನಮ್ಮಿಬ್ಬರನ್ನೂ ನೋಡಿ, ಎಂಜಿನ್ನು ನಿಲ್ಲಿಸಿ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡ.

ಹಳೇ ಪೆಟ್ರೋಲ್ ಚೆಲ್ಲಿದ. ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಹರಿಯುವ ಸಣ್ಣ ತೂತಿನ ಕಸವನ್ನು ತಂತಿಯಿಂದ ತೆಗೆದ. ವೇಗವನ್ನು ಹಿಡಿತದಲ್ಲಿಡುವ ಸ್ಪ್ರಿಂಗು ಜೋತುಬಿದ್ದಿತ್ತು. ಬೇರೆ ಹಾಕಿ ಮತ್ತೆ ಹಗ್ಗ ಎಳೆದ. ಈ ಸಲ ಎಂಜಿನ್ನು ಕಿರುಚತೊಡಗಿತು. ಅಂಗಡಿಯ ತಗಡು ನಡುಗಿತು. ಮಾಲಿ ಕಿವಿ ಮುಚ್ಚಿಕೊಂಡು ರಸ್ತೆಗೆ ಸರಿದ. ಅಣ್ಣ ಮಾತ್ರ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ನನ್ನತ್ತ ತಿರುಗಿ ನಕ್ಕ.

"ಈಗ ಹೆಂಗೈತಿ?"

ಓಡಿಹೋಗಿ ಅವನ ಭುಜ ಅಲುಗಿಸಿದೆ. ಎಂಜಿನ್ನು ಆರಿಸಿದ. ಆಮೇಲೆ ಬಹಳ ಹೊತ್ತು ಆ ಸ್ಪ್ರಿಂಗನ್ನೇ ನೋಡುತ್ತಿದ್ದ.

"ಇಲ್ಲೇ ನಿಂದ್ರವ್ವ. ಜೋರಾದ್ರ ಕೈ ಮ್ಯಾಲೆತ್ತು, ಸಣ್ಣಗಾದ್ರ ಇಳಸು."

ಸ್ಪ್ರಿಂಗನ್ನು ಅದರ ಪಟ್ಟಿಯ ಬೇರೆ ತೂತಿಗೆ ಸಿಕ್ಕಿಸಿ ಚಾಲೂ ಮಾಡಿದ. ನಾನು ಕೈ ಎತ್ತಿದೆ, ಇಳಿಸಿದೆ. ಅವನು ನನ್ನ ಕೈಯನ್ನೇ ನೋಡುತ್ತ ಸ್ಕ್ರೂ ತಿರುಗಿಸಿದ. ಸದ್ದು ಒಂದೇ ಸಮಕ್ಕೆ ಬಂದಾಗ ಕಣ್ಣು ತುಂಬಿ ನನಗೆ ಅವನ ಮುಖ ಕಾಣಲಿಲ್ಲ.

ಮಾಲಿ ಹೋದ ಮೇಲೆ ಹತ್ತಿರ ಹೋಗಿ ಜೋರಾಗಿ ಕೇಳಿದೆ, "ಯಾವಾಗಿಂದ ಹಿಂಗ, ಅಣ್ಣ?"

"ಹ್ವಾದ ಬ್ಯಾಸಗಿಯಿಂದ. ಮನ್ಯಾಗ ನಿಮ್ಮ ವೈನಿಗೂ ಹೇಳಿಲ್ಲ. ಕಿವಿ ಹೋತಂತ ಗೊತ್ತಾದ್ರ ಎಂಜಿನ್ನು ಯಾರು ತರತಾರ?"

ಬಳ್ಳಾರಿಗೆ ಕರೆದೊಯ್ದಾಗ ಡಾಕ್ಟರು ಕಿವಿಯ ನರವೇ ಸತ್ತಿದೆ ಎಂದರು. ಕೆಲವು ತಿಂಗಳು ನಾನು ಹೊಲಿಗೆ ಬಿಟ್ಟು ಎದ್ದೆದ್ದು ಹೋಗಿ ಅವನ ಮುಂದೆ ಕೈ ಆಡಿಸಿದೆ. ಬಂದವರು ನಿಂತು ನೋಡುತ್ತಿದ್ದರು. ಅದನ್ನು ಅವನು ಸಹಿಸಲಿಲ್ಲ. ಪಾನಾಗಳನ್ನೆಲ್ಲ ಕೊಟ್ಟೂರಿನ ಪರಿಚಯದ ಮೇಸ್ತ್ರಿಗೆ ಕೊಟ್ಟು, ಸೈಕಲ್ ಪಂಕ್ಚರ್ ಹಾಕಲು ಕೂತ. ಮೊದಲು ಒದರಿ ಮಾತಾಡುತ್ತಿದ್ದವನು ಬರಬರುತ್ತ ಮಾತನ್ನೇ ಕಡಿಮೆ ಮಾಡಿದ. ಟ್ಯೂಬನ್ನು ನೀರು ತುಂಬಿದ ಕಬ್ಬಿಣದ ಬುಟ್ಟಿಯಲ್ಲಿ ಅದ್ದಿ, ಗಾಳಿ ಸೋರುವ ಕಡೆ ಗುಳ್ಳೆ ಏಳುವುದನ್ನು ಕಾಯುತ್ತ ಕೂತಿರುತ್ತಿದ್ದ.